ಕೇಳಿಸಿಕೊಳ್ಳುವ ಕೆಲಸ

ಹಿಂದೂಪುರದ ಹಿರಿಯರು ಆ ಬೆಳಿಗ್ಗೆ ತೀರ್ಮಾನಿಸಬೇಕಾಗಿ ಬಂದ ವಿಷಯ ಸಣ್ಣದಾಗಿರಲಿಲ್ಲ. ಒಂದು ಯುದ್ಧ ಗೆದ್ದು, ಆಮೇಲೆ ಡೆಲ್ಲಿಯಲ್ಲಿ ಕೂತು ದೇಶದ ಗುಪ್ತಚರ ಇಲಾಖೆಯನ್ನು ನಡೆಸಿದ ಲೆಫ್ಟಿನೆಂಟ್ ಜನರಲ್ ಅಮರೇಶಪ್ಪನವರ ಹೆಣವನ್ನು ‘ಸುಸ್ವಾಗತಂ’ ಎಂದು ಬರೆದ ಕಮಾನಿನ ಕೆಳಗೆ ಹಾಯಿಸಬಹುದೇ, ಬಾರದೇ ಎಂಬುದು ಆ ವಿಷಯ. ಶಾಮಿಯಾನದ ರಾಮಾಂಜಿ ಏಣಿಯ ತುದಿಯಲ್ಲಿ ಒಂದು ಗಂಟು ಬಿಚ್ಚಿ, ಇನ್ನೊಂದನ್ನು ಬಿಚ್ಚದೆ, ಕೆಳಗಿನವರ ತೀರ್ಪಿಗೆ ಕಾಯುತ್ತಿದ್ದ. ಕಮಾನು ಅರ್ಧ ಇಳಿಬಿದ್ದು ‘ಸುಸ್ವಾ’ ಮಾತ್ರ ನೆಟ್ಟಗೆ ನಿಂತಿತ್ತು.

“ಪೆನುಕೊಂಡದ ಮದುವೆಯಿಂದ ಸೀದಾ ತಂದ್ಬುಟ್ಟೆ ಗಂಗಕ್ಕಾ. ಫೋನಲ್ಲಿ ದೊಡ್ಡೋರ ಮನೆ ಫಂಕ್ಷನ್ ಅಂದ್ರು, ನಂಗೇನು ಗೊತ್ತು?”

“ಫಂಕ್ಷನ್ನಾ? ನಿನ್ ಬಾಯಿಗೆ ಮಣ್ಣಾಕ!” ಎಂದರು ಗಂಗಕ್ಕ. ಜನರಲ್ಲರ ಒಬ್ಬಳೇ ತಂಗಿ. ಎರಡು ದಿನದಿಂದ ಅತ್ತು ಗಂಟಲು ಕಟ್ಟಿದ್ದರೂ ಬೈಯಲು ಧ್ವನಿ ಉಳಿಸಿಕೊಂಡಿದ್ದರು.

ನಿವೃತ್ತ ಹೆಡ್‌ಮಾಸ್ತರು ಕೇಶವಯ್ಯನವರು ಮುಂದೆ ಬಂದರು. “ಹಿಂದುಮುಂದು ಮಾಡಿ ಕಟ್ಟು. ಅಕ್ಷರ ಒಳಗಡೆ ಆಗ್ಲಿ, ಬರೋರಿಗೆ ಕಾಣಲ್ಲ.”

“ಬರೋರಿಗೆ ಕಾಣಲ್ಲ ಸಾರ್, ಹೋಗೋರಿಗೆ ಕಾಣ್ತದಲ್ಲ?” ಎಂದ ರಾಮಾಂಜಿ. “ಇವತ್ತು ಇಲ್ಲಿಂದ ಹೋಗೋರು ಅವ್ರೊಬ್ರೇ.”

ಕೊನೆಗೆ ಗಂಗಕ್ಕನೇ ಒಳಗಿಂದ ಒಂದು ಬಿಳಿ ಪಂಚೆ ತಂದು ಎಸೆದರು. ರಾಮಾಂಜಿ ಅದನ್ನು ಅಕ್ಷರಗಳ ಮೇಲೆ ಹೊದಿಸಿ ಇಳಿದ. ಬಿಸಿಲಿಗೆ ಪಂಚೆಯ ಹಿಂದಿನ ಜರಿ ಅಕ್ಷರಗಳು ಮೊದಲಿಗಿಂತ ಚೆನ್ನಾಗಿ ಹೊಳೆದವು.

ಶಾಮಿಯಾನದ ಕೆಳಗೆ ಕುರ್ಚಿಗಳು ತುಂಬಿದವು. ಬಂದವರಿಗೆ ಸತ್ತವರ ಬಗ್ಗೆ ಗೌರವವಿತ್ತು, ಮಾಹಿತಿ ಇರಲಿಲ್ಲ.

“ಯುದ್ಧ ಮಾಡಿದ್ದು ಗೊತ್ತು. ಆಮೇಲೆ ಡಿಲ್ಲೀಲಿ ಅದೇನು ಕೆಲ್ಸ ಗಂಗಕ್ಕಾ?” ಎಂದು ಪರಿಗಿಯಿಂದ ಬಂದ ನೆಂಟನೊಬ್ಬ ಕೇಳಿದ.

“ಕೇಳಿಸ್ಕಳ್ಳೋ ಕೆಲ್ಸ ಅಂತಿದ್ದ ಕಣಪ್ಪ ನಮ್ಮಣ್ಣ. ಯಾರ್ಯಾರು ಎಲ್ಲೆಲ್ಲಿ ಏನೇನು ಮಾತಾಡ್ತಾರೋ ಅದ್ನ ಕೂತ್ಕಂಡು ಕೇಳಿಸ್ಕಳ್ಳೋದು.”

“ಅದಕ್ಕೆ ಸಂಬ್ಳ ಬ್ಯಾರೆ ಕೊಡ್ತಿದ್ರಾ? ನಮ್ ಬೀದಿ ಹೆಂಗಸ್ರು ಪುಕ್ಸಟ್ಟೆ ಮಾಡ್ತಾರೆ.”

ನಗು ಬಂದವರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು.

“ಒಂದು ಚಾಳಿ ಇತ್ತು ಅವರಿಗೆ,” ಎಂದರು ಕೇಶವಯ್ಯ. “ಕಟಿಂಗ್ ಶಾಪಲ್ಲಿ ಪಕ್ಕದಲ್ಲೇ ಕೂತಿರ್ತಿದ್ರು. ನೀವು ಯಾವ ಸುದ್ದಿ ಹೇಳಿ, ಇಂಥವನು ಇಂಥವನಿಗೆ ಹಿಂಗಂದ ಅನ್ನಿ, ಅವರು ಕೇಳೋದು ಒಂದೇ: ‘ಯಾವ ಭಾಷೇಲಿ ಅಂದ?’ ಅಂತ. ಅಲ್ಲ ಸಾಮೀ, ಹಿಂದೂಪುರದಲ್ಲಿ ಯಾರಿಗೆ ಅದರ ನೆನಪಿರ್ತದೆ? ಅರ್ಧ ಕನ್ನಡ, ಅರ್ಧ ತೆಲುಗು. ಬಾಯಿಗೆ ಬಂದಿದ್ದು.”

ಆಗ ಕಮಾನಿನ ಕೆಳಗಿಂದ ಗಂಡಹೆಂಡಿರಿಬ್ಬರು ಬಂದರು. ಗಂಡನಿಗೆ ಅರವತ್ತರ ಸುಮಾರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಸ್ಸಿನಲ್ಲಿ ಮುದುಡಿತ್ತು. ಹೆಂಗಸು ಅವನಿಗಿಂತ ಎರಡು ಹೆಜ್ಜೆ ಮುಂದಿದ್ದಳು.

“ಚಪ್ಲಿ ಇಲ್ಲೇ ಬುಡು!” ಎಂದು ಅವಳು ಗಂಡನಿಗೆ ಕೂಗಿದಳು. ಕುರ್ಚಿಗಳೆಲ್ಲ ತಿರುಗಿದವು. “ಕೇಳುಸ್ತೇನಯ್ಯಾ? ಚಪ್ಲಿ!”

“ಕಿವಿ ಕೇಳಲ್ವೇನಮ್ಮಾ?” ಎಂದು ಕೇಶವಯ್ಯ ಕನಿಕರದಿಂದ ವಿಚಾರಿಸಿದರು.

“ಇಲ್ಲ ಸಾಮಿ. ಮಿಲಿಟ್ರಿ ಡಾಕ್ಟ್ರೇ ಬರ್ದು ಕೊಟ್ಟವ್ರೆ.”

ಅವಳ ಹೆಸರು ಆದೆಮ್ಮ. ಅವನು ಕರಿಸಿದ್ದಪ್ಪ, ಕಲ್ಯಾಣದುರ್ಗದ ಬಸ್‌ಸ್ಟಾಂಡಿನ ಹಿಂದೆ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟವನು. ಅವನಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ‘ಚೆವಿಟೋಡು’ ಎಂದು ತೆಲುಗಿನಲ್ಲಿ ಪಿಸುಗುಟ್ಟಿದ್ದೂ ಕೇಳಿತು.

ವಾರದ ಹಿಂದೆ ಜನರಲ್ಲರ ಮಗಳು ಅಂಗಡಿಯ ಪಕ್ಕದ ಎಸ್‌ಟಿಡಿ ಬೂತಿಗೆ ಫೋನ್ ಮಾಡಿಸಿದ್ದಳು. ಅಪ್ಪ ಹಾಸಿಗೆ ಹಿಡಿದಿದ್ದಾರೆ, ನಿಮ್ಮ ಹೆಸರು ಹೇಳುತ್ತಾರೆ, ಒಮ್ಮೆ ಬಂದುಹೋಗಿ ಎಂದು. “ನಾನೂ ಬತ್ತೀನಿ,” ಎಂದಿದ್ದಳು ಆದೆಮ್ಮ. “ಅವ್ರ ಬಾಯಿಂದ್ಲೇ ಕೇಳ್ಬೇಕು.” ಅಮಾಸೆ ಕಳೆಯಲಿ, ಆಮೇಲೆ ಹೊರಡೋಣ ಎಂದವಳೂ ಅವಳೇ. ಜನರಲ್ ಅಮಾಸೆಯ ದಿನವೇ ಹೋದರು.

*

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಅಮರೇಶಪ್ಪ ಮೇಜರ್ ಜನರಲ್ ಆಗಿದ್ದರು. ಅವರ ಕೈಕೆಳಗೆ ಒಂದು ಇಡೀ ಡಿವಿಷನ್ ಇತ್ತು. ಎದುರಿಗೆ ಶತ್ರು ಇದ್ದ. ನಡುವೆ ವೈರ್‌ಲೆಸ್ ಇತ್ತು, ಅದನ್ನು ಇಬ್ಬರೂ ಕೇಳುತ್ತಿದ್ದರು. ಹಿಂದಿ, ಪಂಜಾಬಿ ಎರಡೂ ಕಡೆಯವರಿಗೆ ಬರುತ್ತಿತ್ತು. ಇಂಗ್ಲಿಷನ್ನು ಎರಡೂ ಕಡೆಯವರಿಗೆ ಒಂದೇ ಮೇಷ್ಟ್ರು ಕಲಿಸಿ ಹೋಗಿದ್ದ. ಹಿಂದೂಪುರದ ಕಡೆಯ ಕನ್ನಡ ಬಲ್ಲವರು ಗಡಿಯ ಆಚೆ ಇರುವ ಸಂಭವ ಕಡಿಮೆ ಎಂದು ಅಮರೇಶಪ್ಪ ಲೆಕ್ಕ ಹಾಕಿದರು. ಊರ ಕಡೆಯ ಹುಡುಗರನ್ನು ಹುಡುಕಿಸಿ ಸೆಟ್ಟುಗಳ ಮೇಲೆ ಕೂರಿಸಿದರು. ಫಿರಂಗಿಗಳ ಪಕ್ಕದ ಸೆಟ್ಟಿಗೆ ಸಿಕ್ಕವನು ಕಲ್ಯಾಣದುರ್ಗದ ಕರಿಸಿದ್ದಪ್ಪ.

“ಏನಪ್ಪಾ, ಮನೇಲಿ ಯಾವ ಮಾತು?” ಎಂದು ಕೇಳಿದ್ದರು.

“ಕನ್ನಡ ಸಾಬ್. ಬೀದೀಲಿ ತೆಲುಗು.”

“ನಂದೂ ಅದೇ. ಸೆಟ್ಟಲ್ಲಿ ಮನೆ ಮಾತು. ಹೊಡೀರಿ ಅಂದ್ರೆ ಹೊಡೀರಿ, ಸಾಕು ಅಂದ್ರೆ ಸಾಕು. ತಿಳೀತಾ?”

ಉಪಾಯ ಸೊಗಸಾಗಿ ನಡೆಯಿತು. ಶತ್ರುವಿಗೆ ಒಂದಕ್ಷರವೂ ತಿಳಿಯಲಿಲ್ಲ.

ಅಮರೇಶಪ್ಪ ಹೇಳದೇ ಬಿಟ್ಟದ್ದು, ಬಹುಶಃ ಅವರಿಗೇ ತೋಚದಿದ್ದದ್ದು, ಒಂದಿತ್ತು. ಅವರ ತಂದೆ ಕನ್ನಡದವರು. ತಾಯಿ ತೆಲುಗಿನ ಮನೆಯಿಂದ ಬಂದವಳು. ಲೆಕ್ಕ, ದೇವರು, ಅಂಗಡಿ ಇವೆಲ್ಲ ಅಪ್ಪನಿಂದ ಕನ್ನಡದಲ್ಲಿ ಬಂದಿದ್ದವು. ಹಸಿವು, ನೋವು, ಭಯ ತಾಯಿಯ ಪಾಲಿನವು.

ಒಂದು ಬೆಳಗಿನ ಜಾವ ಮಂಜಿನಲ್ಲಿ ಒಂದು ಗುಡ್ಡಕ್ಕೆ ಫಿರಂಗಿ ಹೊಡೆಯುತ್ತಿದ್ದರು. ಗುಡ್ಡದ ಬುಡದಿಂದ ಒಂದು ಕಂಪನಿ ಹತ್ತುತ್ತಿತ್ತು. ಅದರಲ್ಲಿ ಆದೆಮ್ಮನ ತಮ್ಮ ಕದಿರಣ್ಣನೂ ಇದ್ದ. ಭಾವ ಮಿಲಿಟ್ರಿಯಲ್ಲಿದ್ದಾನೆಂದು ತಾನೂ ಸೇರಿದವನು. ಹುಡುಗರು ಎಣಿಸಿದ್ದಕ್ಕಿಂತ ಬೇಗ ಹತ್ತಿಬಿಟ್ಟರು. ಮಂಜು ಸರಿದಾಗ ಎದುರಿನ ದಿಬ್ಬದಿಂದ ಅಮರೇಶಪ್ಪನವರಿಗೆ ದುರ್ಬೀನಿನಲ್ಲಿ ಕಂಡದ್ದು ತಮ್ಮದೇ ಹುಡುಗರ ಬೆನ್ನು. ಅವರು ಆಪರೇಟರನ ಕೈಯಿಂದ ಸೆಟ್ಟು ಕಿತ್ತುಕೊಂಡು ಕೂಗಿದರು: “ಚಾಲು! ಚಾಲು! ಚಾಲು!”

ತೆಲುಗಿನಲ್ಲಿ ಚಾಲು ಎಂದರೆ ಸಾಕು.

ಫಿರಂಗಿಗಳ ಪಕ್ಕದಲ್ಲಿ ಕರಿಸಿದ್ದಪ್ಪ ಕನ್ನಡಕ್ಕಾಗಿ ಕಿವಿಗೊಟ್ಟು ಕೂತಿದ್ದ. ಕನ್ನಡದಲ್ಲಿ ರೇಡಿಯೋ ಚಾಲು ಮಾಡು ಅಂದರೆ ಹಚ್ಚು ಎಂದರ್ಥ. ಪಕ್ಕದಲ್ಲಿ ಹರಿಯಾಣದ ಗನ್ ಆಫೀಸರ್ ಬೆಳಗಿನಿಂದ ಹಿಂದಿಯಲ್ಲಿ ‘ಚಾಲೂ ರಖೋ, ಚಾಲೂ ರಖೋ’ ಎಂದು ಕಿರುಚುತ್ತಿದ್ದ. ಕರಿಸಿದ್ದಪ್ಪ ಆ ಕಡೆ ತಿರುಗಿ ಹೇಳಿದ: “ಚಾಲೂ, ಸಾಬ್.”

ಗುಡ್ಡ ಕೈವಶವಾಯಿತು. ಹನ್ನೊಂದು ಹುಡುಗರು ತಮ್ಮ ಕಡೆಯ ಗುಂಡಿಗೇ ಸತ್ತಿದ್ದರು. ಕದಿರಣ್ಣನ ಮೈ ಸಿಗಲಿಲ್ಲ.

*

ವಿಚಾರಣೆ ನಡೆಯಿತು. ನಿಲ್ಲಿಸಲು ಹೇಳಿದೆ ಎಂದು ಮೇಜರ್ ಜನರಲ್ ಹೇಳಿದರು, ಅದು ನಿಜ. ಚಾಲು ಎಂದು ಕೇಳಿಸಿತು ಎಂದು ಕರಿಸಿದ್ದಪ್ಪ ಹೇಳಿದ, ಅದೂ ನಿಜ. ಕೂತಿದ್ದ ಮೂವರು ಅಧಿಕಾರಿಗಳಿಗೆ ತೆಲುಗು ಬರುತ್ತಿರಲಿಲ್ಲ. ಒಬ್ಬ ಜನರಲ್ ಸುಳ್ಳು ಹೇಳಲಾರ, ಒಬ್ಬ ಸಿಪಾಯಿ ಅಷ್ಟು ಧೈರ್ಯವಾಗಿ ಸುಳ್ಳು ಹೇಳಲಾರ. ಆದ್ದರಿಂದ ಸಿಪಾಯಿಗೆ ಕಿವಿ ಕೇಳುವುದಿಲ್ಲ ಎಂಬ ತೀರ್ಮಾನಕ್ಕೆ ಅವರು ಬಂದರು. ಅದು ದಯೆಯ ತೀರ್ಮಾನವಾಗಿತ್ತು. ಸೆರೆಮನೆಯ ಬದಲು ಮೆಡಿಕಲ್ ಬೋರ್ಡ್, ಶ್ರವಣದೋಷ, ಮನೆಗೆ.

ಮನೆಯ ದಾರಿಯಲ್ಲಿ ಗುಂತಕಲ್ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಒಬ್ಬ ಮುದುಕ ಕಿಟಕಿಯಿಂದ ಇಡ್ಲಿ ಕೊಂಡ. ಮಾರುವವನು ಚಟ್ನಿ ಸುರಿಯುತ್ತಲೇ ಇದ್ದ. ಮುದುಕ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು “ಚಾಲು, ಚಾಲು” ಎಂದ. ಮಾರುವವನು ನಿಲ್ಲಿಸಿದ.

ಕರಿಸಿದ್ದಪ್ಪ ಸೀಟಿನಿಂದ ಎದ್ದು ನಿಂತ. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಕೂತ.

ಆದೆಮ್ಮನಿಗೆ ಹೇಳಿದ. ಅವಳು ಕೊನೆಯವರೆಗೂ ಕೇಳಿ, “ರೈಲಲ್ಲಿ ಒಳ್ಳೆ ಕತೆ ಕಟ್ಕಂಡು ಬಂದಿದ್ಯ,” ಎಂದಳು. “ಅಷ್ಟು ದೊಡ್ಡ ಮನುಷ್ಯಂಗೆ ಸಾಕು ಅನ್ನಾಕೆ ಬರಲ್ವಾ? ಕನ್ನಡ ಅಂತ ಮಾತಾಡ್ಕಂಡಿದ್ದು ಅವ್ರೇ ಅಂತೀಯ, ತೆಲುಗಲ್ಲಿ ಅಂದ್ರು ಅಂತೀಯ. ಅವ್ರ ಬಾಯಿಂದ ಹೇಳ್ಸು, ನಂಬ್ತೀನಿ.”

ಅಂದಿನಿಂದ ಅವಳು ಗಂಡನ ಜೊತೆ ಆಡಿದ ಮಾತೆಲ್ಲ ಕೂಗಿಯೇ. ಊಟಕ್ಕೆ ಬಾ ಎನ್ನುವುದನ್ನು ಬೀದಿಯ ಆ ತುದಿಯವರೂ ಕೇಳಬೇಕು. ಮಗಳು ಹುಟ್ಟಿದಳು, ಬೆಳೆದಳು, ಮದುವೆಯಾಗಿ ಹೋದಳು. ಅವಳೂ ಅಪ್ಪನ ಜೊತೆ ಕೂಗಿಯೇ ಮಾತಾಡಿದಳು. ಕಿವುಡ ರೇಡಿಯೋ ರಿಪೇರಿ ಮಾಡುತ್ತಾನಂತೆ ಎಂದು ನೋಡಲು ಬಂದ ಜನ ಅಂಗಡಿಗೆ ಗಿರಾಕಿಗಳಾದರು. ಅವನು ಎಲ್ಲರಿಗೂ ನಿಜ ಹೇಳುವುದನ್ನು ಬಿಟ್ಟ. ಒಂದೇ ಒಂದು ವಾಕ್ಯವನ್ನು ಮಾತ್ರ ಮನಸ್ಸಿನಲ್ಲಿ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ: ‘ಸಾಹೇಬ್ರೇ, ನೀವು ಅಂದಿದ್ದು ತೆಲುಗಲ್ಲಿ.’

ಅಮರೇಶಪ್ಪನವರಿಗೆ ಪದಕ ಬಂತು, ಬಡ್ತಿ ಬಂತು. ಆಮೇಲೆ, ಇಡೀ ದೇಶದಲ್ಲಿ ಯಾರು ಏನು ಅಂದರೆಂದು ಸರಿಯಾಗಿ ಕೇಳಿಸಿಕೊಳ್ಳುವ ಇಲಾಖೆಗೆ ಅವರನ್ನೇ ಮುಖ್ಯಸ್ಥರನ್ನಾಗಿ ಮಾಡಿದರು.

*

ಗಂಗಕ್ಕ ಹೊರಗೆ ಪೊಲೀಸರ ಜೊತೆ ಜಗಳಕ್ಕೆ ನಿಂತಿದ್ದರು. ಗೌರವದ ಗುಂಡು ಹಾರಿಸಿದರೆ ಪಕ್ಕದ ತೋಟದ ಗಬ್ಬದ ಎಮ್ಮೆ ಬೆದರುತ್ತದೆ ಎಂಬುದು ಅವರ ವಾದ. ಆ ಹೊತ್ತಿನಲ್ಲಿ ಜನರಲ್ಲರ ಮಗಳು ವರಲಕ್ಷ್ಮಿ ಕಲ್ಯಾಣದುರ್ಗದವರನ್ನು ಹಿಂದಿನ ಕೋಣೆಗೆ ಕರೆಸಿಕೊಂಡಳು.

ಐವತ್ತು ದಾಟಿದ ಹೆಂಗಸು. ಕಂಟೋನ್ಮೆಂಟುಗಳಲ್ಲಿ ಹಿಂದಿಯಲ್ಲಿ ಬೆಳೆದವಳು. ತೆಲುಗು ಬಾರದು, ಕನ್ನಡವನ್ನು ರಜೆಗೆ ಬಂದಾಗ ಅತ್ತೆಯಿಂದ ಕಲಿತಿದ್ದಳು. ಅಪ್ಪ ಹಾಸಿಗೆ ಹಿಡಿದ ಮೇಲೆ ಡೆಲ್ಲಿಯ ಮನೆಗೆ ಬೀಗ ಹಾಕಿ ಬಂದು ಇಲ್ಲೇ ಉಳಿದಿದ್ದಳು. ಮಂಚದ ಪಕ್ಕದಲ್ಲಿ ಯೂನಿಫಾರ್ಮಿನ ಕರ್ನಲ್ ಒಬ್ಬ ಕೂತಿದ್ದ. ರೆಜಿಮೆಂಟಿನ ಇತಿಹಾಸ ಬರೆಯುತ್ತಿರುವವನು.

“ನಿಮ್ಮನ್ನ ಅಪ್ಪ ನೋಡಬೇಕಿತ್ತು,” ಎಂದಳು ವರಲಕ್ಷ್ಮಿ. “ಸ್ಟ್ರೋಕ್ ಆದಮೇಲೆ ಇಂಗ್ಲಿಷ್ ಹೋಯ್ತು. ಆಮೇಲೆ ಹಿಂದಿ ಹೋಯ್ತು. ಕೊನೆಗೆ ಒಂದೆರಡು ಮಾತು ಉಳೀತು. ಅದರಲ್ಲಿ ನಿಮ್ಮ ಹೆಸರು ಒಂದು.”

ಕರಿಸಿದ್ದಪ್ಪ ಕೈ ಮುಗಿದ. ಆದೆಮ್ಮ ಕೇಳಿದಳು: “ಕೊನೆಗೆ ಹೆಂಗಾಯ್ತು ತಾಯಿ?”

ಎಲ್ಲರೂ ಕೇಳುವ ಪ್ರಶ್ನೆ. ಆದರೆ ಗಂಗಕ್ಕ ಎರಡು ದಿನದಿಂದ ಯಾರನ್ನೂ ಇವಳ ಹತ್ತಿರ ಬಿಟ್ಟಿರಲಿಲ್ಲ. ಇವಳಿಗೆ ಹೇಳಿಕೊಳ್ಳಲು ಇವರೇ ಮೊದಲಿಗರು.

“ಅತ್ತೆ ಕೊಡಿಕೊಂಡಕ್ಕೆ ಹೋಗಿದ್ದರು. ನರ್ಸ್ ಕೂಡ ಇರಲಿಲ್ಲ. ನಾನೇ ಗಂಜಿ ಕೊಟ್ಟೆ. ಎಷ್ಟು ಆಸೆಯಿಂದ ತಿಂದರು ಗೊತ್ತಾ?” ವರಲಕ್ಷ್ಮಿಯ ಮುಖ ಅರಳಿತು. “ಒಂದೊಂದು ಚಮಚಕ್ಕೂ ‘ಚಾಲು, ಚಾಲು’ ಅನ್ನೋರು. ನಾನು ಚಾಲೂ ಇಟ್ಟೆ. ಎರಡು ವರ್ಷದಲ್ಲಿ ಅಪ್ಪ ಅಷ್ಟು ತಿಂದಿರಲಿಲ್ಲ. ಕಣ್ಣಲ್ಲಿ ನೀರು ಬಂತು ಅವರಿಗೆ, ನನ್ನ ಕೈ ಹಿಡ್ಕೊಂಡರು. ಆಗಲೂ ಚಾಲು ಅಂತಾನೇ ಇದ್ದರು.”

ಹೊರಗೆ ಗಂಗಕ್ಕನ ಧ್ವನಿ ಎಮ್ಮೆಯ ಪರವಾಗಿ ಏರುತ್ತಿತ್ತು.

“ಆಮೇಲೆ ಕೆಮ್ಮು ಬಂತು. ಗಂಜಿ ಶ್ವಾಸಕೋಶಕ್ಕೆ ಹೋಗಿದೆ, ಇಂಥವರಿಗೆ ಹಾಗೆ ಆಗ್ತದೆ ಅಂದ್ರು ಡಾಕ್ಟರ್. ಆದರೆ ಹೊಟ್ಟೆ ತುಂಬ ತಿಂದು ಹೋದರು. ಅದೊಂದು ನೆನೆಸಿಕೊಂಡು ಇದೀನಿ ನಾನು.”

ಆದೆಮ್ಮ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದವಳು ಹಾಗೇ ನಿಂತಳು. ಕೈ ಸೊಂಟದಲ್ಲಿ ಉಳಿಯಿತು. ನಿಧಾನವಾಗಿ ಗಂಡನ ಕಡೆ ತಿರುಗಿದಳು. ಕರಿಸಿದ್ದಪ್ಪ ನೆಲ ನೋಡುತ್ತಿದ್ದ.

ಕರ್ನಲ್ ಗಂಟಲು ಸರಿಮಾಡಿಕೊಂಡು ಹಿಂದಿಯಲ್ಲಿ ಏನೋ ಹೇಳಿದ. ವರಲಕ್ಷ್ಮಿ ಕನ್ನಡಕ್ಕೆ ತಂದಳು: “ಅಪ್ಪ ಡೆಲ್ಲಿಯಲ್ಲಿ ಒಂದು ರೂಲ್ ಮಾಡಿದ್ದರಂತೆ, ಈಗಲೂ ಇದೆಯಂತೆ. ಕದ್ದು ಕೇಳಿದ ಯಾವ ಮಾತನ್ನೂ ಎರಡು ಭಾಷೆಯ ಇಬ್ಬರು ಕೇಳಿ ಒಪ್ಪದೆ ನಂಬಬಾರದು ಅಂತ. ಅದು ಅಪ್ಪನ ಹೆಸರಲ್ಲೇ ನಡೀತದೆ. ಅಷ್ಟು ಹುಷಾರಿನ ಮನುಷ್ಯ ಅಂತಾರೆ ಇವರು.”

ಕರಿಸಿದ್ದಪ್ಪ ತಲೆಯೆತ್ತಿದ. ಹಾಗಾದರೆ ಸಾಹೇಬರಿಗೂ ತಿಳಿದಿತ್ತು. ಎಲ್ಲಿ, ಯಾವ ಸ್ಟೇಷನ್ನಿನಲ್ಲಿ, ಯಾವ ಊಟದೆಲೆಯ ಮುಂದೆ ತಿಳಿಯಿತೋ. ತಿಳಿದ ಮೇಲೆ ದೇಶಕ್ಕೆಲ್ಲ ರೂಲ್ ಮಾಡಿದರು, ಕಲ್ಯಾಣದುರ್ಗಕ್ಕೆ ಒಂದು ಮಾತು ಹೇಳಿ ಕಳಿಸಲಿಲ್ಲ.

“ಈಗ ನಾನು ಕೇಳಬೇಕಾದ್ದು ಒಂದಿದೆ,” ಎಂದಳು ವರಲಕ್ಷ್ಮಿ. ಧ್ವನಿ ಸಣ್ಣದಾಗಿತ್ತು. “ಆ ಗುಡ್ಡದ ಮೇಲೆ ಹೊಡೀತಾ ಇರಿ ಅಂತ ಅಪ್ಪನೇ ಹೇಳಿದರು, ಆಮೇಲೆ ನಿಮ್ಮ ಮೇಲೆ ಹಾಕಿದರು ಅಂತ ಕೆಲವು ಹಳೇ ಆಫೀಸರುಗಳು ಹೇಳ್ತಾರಂತೆ. ಇವರು ಪುಸ್ತಕ ಮುಗಿಸೋ ಮುಂಚೆ ನಿಮ್ಮನ್ನ ಕೇಳಬೇಕು ಅಂದರು. ಅಪ್ಪ ಏನಂದರು? ನಿಮಗೆ ಕೇಳಿಸಿದ್ದು ಏನು? ನನಗೋಸ್ಕರ ಏನೂ ಮುಚ್ಚಿಡಬೇಡಿ.”

ಕರ್ನಲ್ ಪೆನ್ನಿನ ಮುಚ್ಚಳ ತೆಗೆದ.

ತಿದ್ದಿ ಇಟ್ಟ ವಾಕ್ಯ ಬಾಯಿಯ ತುದಿಯಲ್ಲೇ ಇತ್ತು. ಹೇಳುವುದು ಸುಲಭ. ಅವಳಿಗೆ ಒಂದು ಪದದ ಅರ್ಥ ಹೇಳಿದರೆ ಸಾಕಾಗಿತ್ತು. ಗುಡ್ಡದಿಂದ ಗಂಜಿಯ ಬಟ್ಟಲಿಗೆ ಅವಳು ತಾನೇ ಬಂದು ಮುಟ್ಟುತ್ತಿದ್ದಳು.

“ಸಾಹೇಬ್ರು...” ಎಂದು ಕರಿಸಿದ್ದಪ್ಪ ಶುರು ಮಾಡಿದ. ಅಲ್ಲೇ ನಿಂತ.

“ಇವ್ನ ಏನು ಕೇಳ್ತೀಯ ತಾಯಿ,” ಎಂದಳು ಆದೆಮ್ಮ. ಕೋಣೆಗೆ ಆ ಧ್ವನಿ ದೊಡ್ಡದಾಯಿತು. “ಇವ್ನಿಗೆ ಕಿವಿ ಕೇಳಲ್ಲ. ಆಗ್ಲೂ ಕೇಳ್ತಿರ್ಲಿಲ್ಲ. ನಿಮ್ಮಪ್ಪ ಸಾಕು ಅಂದ್ರು. ಕನ್ನಡದಲ್ಲೇ ಅಂದ್ರು. ಇವ್ನು ಬ್ಯಾರೆ ಏನೋ ಕೇಳಿಸ್ಕಂಡ.”

“ನಿಮಗೆ ಹೇಗೆ...”

“ಮನೇಗೆ ಬಂದಾಗ ಇವ್ನೇ ಒಪ್ಕಂಡ. ನನ್ ತಮ್ಮನೂ ಅಲ್ಲೇ ಸತ್ತ ಕಣಮ್ಮ. ಒಡಹುಟ್ಟಿದೋನು. ಅವ್ನ ಸಾವಿನ್ ಮೇಲೆ ನಾನು ಸುಳ್ಳು ಹೇಳ್ತೀನಾ?”

ಕರ್ನಲ್ ವರಲಕ್ಷ್ಮಿಯ ಮುಖ ನೋಡಿದ, ಅವಳು ಹಿಂದಿಯಲ್ಲಿ ಹೇಳಿದಳು, ಅವನು ಬರೆದುಕೊಂಡ. ಆಮೇಲೆ ಕರಿಸಿದ್ದಪ್ಪನ ಕಡೆ ತಿರುಗಿ, ಕಿವುಡರಿಗೆ ತಿಳಿಯಲೆಂದು ತುಟಿಗಳನ್ನು ಅಗಲವಾಗಿ ಆಡಿಸುತ್ತ, ಇದು ನಿಜವೇ ಎಂದು ಹಿಂದಿಯಲ್ಲಿ ಕೂಗಿ ಕೇಳಿದ.

“ಜೀ ಸಾಬ್,” ಎಂದ ಕರಿಸಿದ್ದಪ್ಪ. “ಮೈನೇ ಗಲತ್ ಸುನಾ.” ತಪ್ಪು ಕೇಳಿಸಿಕೊಂಡದ್ದು ತಾನೇ ಎಂದು.

ವರಲಕ್ಷ್ಮಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಬಗ್ಗಿ ಅವನ ಕಾಲು ಮುಟ್ಟಲು ಹೋದಳು. ಆದೆಮ್ಮ ಅವಳ ರಟ್ಟೆ ಹಿಡಿದು ತಡೆದಳು.

“ಇನ್ನೊಂದು ಮಾತು ತಾಯಿ. ನಿಮ್ಮಪ್ಪ ಕೊನೇಲಿ ಉಂಡಿದ್ದು, ಅಂದಿದ್ದು, ಅದ್ನ ಇನ್ಯಾರ್ಗೂ ಹೇಳ್ಬ್ಯಾಡ. ಗಂಗಕ್ಕಂಗೂ ಹೇಳ್ಬ್ಯಾಡ. ಸತ್ತೋರ ಕೊನೇ ತುತ್ತಿನ ಮಾತು ಆಡುದ್ರೆ ಅವ್ರಿಗೆ ಅಲ್ಲಿ ಅನ್ನ ಹುಟ್ಟಲ್ಲ. ನಮ್ ಕಡೆ ಶಾಸ್ತ್ರ.”

“ನಂಗೆ ಗೊತ್ತಿರಲಿಲ್ಲ,” ಎಂದಳು ವರಲಕ್ಷ್ಮಿ.

“ಡಿಲ್ಲೀಲಿ ಬೆಳ್ದೋಳು, ನಿಂಗೆಂಗೆ ಗೊತ್ತಾಗ್ಬೇಕು? ಈಗ ಗೊತ್ತಾಯ್ತಲ್ಲ. ಬಾಯಿ ಬುಡಬ್ಯಾಡ.”

ಅಂಥ ಶಾಸ್ತ್ರ ಕಲ್ಯಾಣದುರ್ಗದಲ್ಲಿ ಇಲ್ಲ. ಹಿಂದೂಪುರದಲ್ಲೂ ಇಲ್ಲ. ಆದರೆ ಕರ್ನಲ್ ಅದನ್ನೂ ಕೇಳಿ ತಿಳಿದು, ಗೌರವದಿಂದ ತಲೆಯಾಡಿಸಿದ.

*

ಮಧ್ಯಾಹ್ನ ಜನರಲ್ಲರನ್ನು ಪರಿಗಿ ದಾರಿಯ ತೋಟಕ್ಕೆ ತಂದರು. ಗುಣಿಗೆ ಉಪ್ಪು ಸುರಿದರು. ಬಾವುಟ ಮಡಿಸಿ ವರಲಕ್ಷ್ಮಿಯ ಕೈಗೆ ಕೊಟ್ಟರು. ಪೊಲೀಸರು ಮೂರು ಸುತ್ತು ಗುಂಡು ಹಾರಿಸಿದರು. ಕರಿಸಿದ್ದಪ್ಪ ಬೆಚ್ಚಲಿಲ್ಲ, ಕೇಶವಯ್ಯನವರು ಅದನ್ನು ಪಕ್ಕದವರಿಗೆ ತೋರಿಸಿ, “ಪಾಪ, ಅದೂ ಕೇಳಿಸಲ್ಲ ನೋಡಿ,” ಎಂದರು.

ಬಂದವರು ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು. ಕರಿಸಿದ್ದಪ್ಪನ ಸರದಿ ಬಂತು. ಅವನು ಬಗ್ಗಿ, ಮಣ್ಣು ತೆಗೆದು, ಗುಣಿಗೆ ಬಿಟ್ಟು, ಕೈ ಕೊಡವಿಕೊಂಡ. ಹಿಂದೆ ನಿಂತಿದ್ದ ಆದೆಮ್ಮ ಏನೋ ಹೇಳಿದಳು. ಪಕ್ಕದಲ್ಲಿದ್ದವರಿಗೆ ಅದು ಕೇಳಿಸಲಿಲ್ಲ.

“ಕದಿರಂಗೂ ಒಂದು ಹಿಡಿ ಹಾಕು,” ಎಂದಿದ್ದಳು. “ಅವ್ನಿಗೆ ಯಾರೂ ಹಾಕ್ಲಿಲ್ಲ.”

ಅವನು ಮತ್ತೆ ಬಗ್ಗಿದ. ಒಬ್ಬನೇ ಎರಡು ಸಲ ಮಣ್ಣು ಹಾಕಿದ್ದನ್ನು ಕಂಡು, ಮಿಲಿಟ್ರಿಯವರ ಪದ್ಧತಿ ಇರಬೇಕೆಂದು ಹಿಂದಿದ್ದವರೂ ಎರಡೆರಡು ಹಿಡಿ ಹಾಕತೊಡಗಿದರು. ಗುಣಿ ಬೇಗ ತುಂಬಿತು.

ಮುಂದಿನ ವರ್ಷ ರೆಜಿಮೆಂಟಿನ ಇತಿಹಾಸ ಅಚ್ಚಾಯಿತು. ಗುಡ್ಡದ ಮೇಲಿನ ಹನ್ನೊಂದು ಸಾವುಗಳಿಗೆ ವೈರ್‌ಲೆಸ್ ಆಪರೇಟರನ ಶ್ರವಣದೋಷ ಕಾರಣವೆಂದೂ, ಅದನ್ನು ಆತನೂ ಆತನ ಪತ್ನಿಯೂ ಒಪ್ಪಿದ್ದಾರೆಂದೂ ಅದರಲ್ಲಿದೆ.